ಚೇತರಿಕೆಯ ಬೇಸಗೆ

ಜ್ವರ ಇಳಿದ ದಿನವೇ ಮನುಷ್ಯ ಗುಣವಾಗುವುದಿಲ್ಲ. ಹಸಿವು ಮರಳಿದರೂ ಕಾಲಿಗೆ ಬಲ ಬಂದಿರುವುದಿಲ್ಲ. ಬಲ ಬಂದರೂ ಮನಸ್ಸಿನ ಮಂಕು ಹೋಗಿರುವುದಿಲ್ಲ. ಈ ನಡುಗಾಲಕ್ಕೆ ಬೇಕಾದ ಮದ್ದು ನಮ್ಮ ಕಾಸರಗೋಡಿನ ಬೇಸಗೆಯಲ್ಲಿ ಧಾರಾಳವಾಗಿದೆ ಎಂಬುದು ಈ ಬಾರಿ ನನ್ನ ಅನುಭವಕ್ಕೆ ಬಂತು.

ಮಾರ್ಚ್ ಕೊನೆಯಲ್ಲಿ ನನಗೆ ಕಾಮಾಲೆ ತಗಲಿತು. ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಎ ಎಂದು ತಿಳಿಯಿತು. ಮಲಿನವಾದ ನೀರು, ಆಹಾರಗಳಿಂದ ಹರಡುವ ಈ ರೋಗವು ಹೆಚ್ಚಿನವರಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಆದರೆ ನಿಶ್ಶಕ್ತಿ ವಾರಗಟ್ಟಲೆ ಉಳಿಯುತ್ತದೆ. ವೈದ್ಯರು ವಿಶ್ರಾಂತಿಯನ್ನೂ ಕುದಿಸಿ ಆರಿಸಿದ ನೀರನ್ನೂ ವಿಧಿಸಿದರು. ಕಡತಗಳನ್ನು ಸಹೋದ್ಯೋಗಿಗಳಿಗೆ ಒಪ್ಪಿಸಿದೆ. 20 ವರ್ಷಗಳ ವಕೀಲಿಕೆಯಲ್ಲಿ ಮಗಳ ಬೇಸಗೆ ರಜೆಯನ್ನು ಪೂರ್ತಿಯಾಗಿ ಕಂಡದ್ದು ಇದೇ ಮೊದಲು.

ಬಿಸುವಿನ ಮುಂಜಾವ ನಾನು ದೇವರ ಕೋಣೆಯವರೆಗೆ ನಡೆಯಲಾರದೆ ಹೋದಾಗ, ಅವಳೇ ಕಣಿಯ ಕನ್ನಡಿಯನ್ನೂ ಕಕ್ಕೆಹೂವಿನ ಗೊಂಚಲನ್ನೂ ಹಾಸಿಗೆಯ ಬಳಿಗೆ ತಂದಳು. "ಅಪ್ಪಾ, ಹೂವಿಗಿಂತ ನಿಮ್ಮ ಕಣ್ಣೇ ಹೆಚ್ಚು ಹಳದಿ" ಎಂದು ನಕ್ಕಳು. ಎರಡು ವಾರಗಳಿಂದ ಅಳುಕಿನಿಂದಲೇ ಮಾತನಾಡುತ್ತಿದ್ದ ಮನೆಯಲ್ಲಿ ಎಲ್ಲರೂ ಒಟ್ಟಾಗಿ ನಕ್ಕದ್ದು ಅಂದು.

ಎಪ್ರಿಲ್ ಕೊನೆಗೆ ಅಂಗಳದಲ್ಲಿ ಹಲಸಿನ ಹಪ್ಪಳದ ಕೆಲಸ ಆರಂಭವಾಯಿತು. ಬೆಳೆದ ಕಾಯಿಯ ಸೊಳೆಯನ್ನು ಬೇಯಿಸಿ, ಉಪ್ಪು ಮೆಣಸು ಸೇರಿಸಿ ಗುದ್ದಿ, ಉಂಡೆ ಕಟ್ಟಿ ಒತ್ತಿ, ಚಾಪೆಯ ಮೇಲೆ ಒಣಗಿಸಬೇಕು. ನೆರೆಮನೆಯ ಹೆಂಗಸರೂ ಮಕ್ಕಳೂ ಕೂಡಿದರು. ನನಗೆ ದೊರೆತ ಹುದ್ದೆ ಜಗಲಿಯಲ್ಲಿ ಕೋಲು ಹಿಡಿದು ಕಾಗೆ ಓಡಿಸುವುದು. ಎಣ್ಣೆ ಬೇಡವೆಂದಿದ್ದ ನನಗಾಗಿ ಅಮ್ಮ ಹಪ್ಪಳವನ್ನು ಕೆಂಡದಲ್ಲಿ ಸುಟ್ಟರು. ಕುಚ್ಚಲಕ್ಕಿ ಗಂಜಿಯೊಡನೆ ಅದನ್ನು ತಿಂದಾಗ, ನಾಲಗೆಗೆ ರುಚಿ ಮರಳಿದೆ ಎಂದು ಮೊದಲ ಬಾರಿಗೆ ತಿಳಿಯಿತು.

ಮೇ ತಿಂಗಳಲ್ಲಿ ಊರಿನ ಭಜನಾ ಮಂದಿರದವರೆಗೆ ನಡೆಯುವಷ್ಟು ತ್ರಾಣ ಬಂತು. ಅಲ್ಲಿ ಸಂಜೆ ತಾಳಮದ್ದಳೆ, ಪ್ರಸಂಗ ವಾಲಿವಧೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮವೆಂದು ವಾಲಿ ಕೇಳುತ್ತಾನೆ, ರಾಮ ಉತ್ತರಿಸಬೇಕು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ್ಯಕ್ಕೆ ಅರ್ಥಧಾರಿಗಳು ಅಲ್ಲಲ್ಲಿಯೇ ಕಟ್ಟುವ ಮಾತು ಮಾತ್ರ. ಪಾರ್ತಿಸುಬ್ಬನ ನೆಲವಾದ ಕುಂಬಳೆ ಸೀಮೆಯಲ್ಲಿ ರಾಮಾಯಣ ಪ್ರಸಂಗಗಳಿಗೆ ಕೇಳುಗರು ಇನ್ನೂ ಇದ್ದಾರೆ. ಮರಳುವ ದಾರಿಯಲ್ಲಿ ಮಗಳು ವಾಲಿಯ ಪಕ್ಷ ವಹಿಸಿ ವಾದಿಸಿದಳು. ಪಠ್ಯಪುಸ್ತಕದಲ್ಲಿ ಓದದ ಹತ್ತಾರು ಕನ್ನಡ ಪದಗಳು ಅವಳ ಬಾಯಲ್ಲಿದ್ದವು. ನನಗೋ ಏದುಸಿರು, ಆದರೂ ರಾಮನ ಪರ ವಕಾಲತ್ತು ಬಿಡಲಿಲ್ಲ.

ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರ ಏಳನೆಯ ತಿದ್ದುಪಡಿಯಿಂದ ಬಂದ ವಿಧಿಯಿದು. ಅದಕ್ಕಾಗಿ ಹೋರಾಡುವುದು ನಮ್ಮ ಕರ್ತವ್ಯವೇ. ಆದರೆ ಶಾಲೆ ಕಲಿಸಿದ ಭಾಷೆಯನ್ನು ಮಕ್ಕಳು ವಾದಕ್ಕೆ, ನಗೆಗೆ, ಪ್ರೀತಿಗೆ ಬಳಸಲು ಒಂದು ಅಂಗಳ ಬೇಕು. ಅದನ್ನು ಒದಗಿಸಬೇಕಾದವರು ಹೆತ್ತವರು. ರಜೆಯ ಎರಡು ತಿಂಗಳನ್ನೂ ಟ್ಯೂಷನ್ನಿಗೆ ಬರೆದುಕೊಟ್ಟರೆ ಆ ಅಂಗಳ ಬರಿದಾಗುತ್ತದೆ.

ವೃಷಭ ಮಾಸದ ಹತ್ತನೆಯ ದಿನ, ಪತ್ತನಾಜೆಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮಳೆಗಾಲ ಹತ್ತಿರವಾಗುತ್ತದೆ. ಈ ವರ್ಷ ಆ ಹೊತ್ತಿಗೆ ನನ್ನ ರಕ್ತಪರೀಕ್ಷೆಯ ವರದಿ ಸರಿಹೋಗಿತ್ತು. ನ್ಯಾಯಾಲಯಕ್ಕೆ ಹೋಗತೊಡಗಿದ್ದೇನೆ. ಸಂಜೆ ಆರರ ನಂತರ ಕಕ್ಷಿದಾರರನ್ನು ಕಾಣುವುದನ್ನು ಮಾತ್ರ ನಿಲ್ಲಿಸಿದ್ದೇನೆ. ಆ ಹೊತ್ತು ಮಗಳದು.