ಸಂಗ್ಯಾನ ಊರು, ಕಂಬಾರರ ಆಟ

ಬೈಲಹೊಂಗಲಕ್ಕೆ ಹೊರಗಿನಿಂದ ಬಂದವರಿಗೆ ಊರವರು ಮೊದಲು ತೋರಿಸುವುದು ಕಿತ್ತೂರ ರಾಣಿ ಚೆನ್ನಮ್ಮನ ಸಮಾಧಿಯನ್ನು. 1824ರಲ್ಲಿ ಕಂಪನಿ ಸರಕಾರದ ಥ್ಯಾಕರೆಯ ದಂಡನ್ನು ಎದುರಿಸಿದ ರಾಣಿ ಸೆರೆಯಾಳಾಗಿ 1829ರಲ್ಲಿ ಕಣ್ಣು ಮುಚ್ಚಿದ್ದು ಇಲ್ಲಿಯೇ. ಆದರೆ ಇದೇ ಊರಿನ ಇನ್ನೊಂದು ಸಾವೂ ನಾಡಿನ ತುಂಬ ಪ್ರಸಿದ್ಧವಾಗಿದೆ. ಅದು ರಾಣಿಯದಲ್ಲ, ವೀರನದೂ ಅಲ್ಲ. ಮಂದಿಯ ಹೆಂಡತಿಯನ್ನು ಪ್ರೀತಿಸಿ ಕೊಲೆಯಾದ ಸಂಗ್ಯಾ ಎಂಬ ತರುಣನದು. ಅದನ್ನು ಉಳಿಸಿದ್ದು ಕಲ್ಲಲ್ಲ, ಆಟ.

'ಸಂಗ್ಯಾ ಬಾಳ್ಯಾ' ಉತ್ತರ ಕರ್ನಾಟಕದ ಸಣ್ಣಾಟಗಳಲ್ಲೆಲ್ಲ ಹೆಚ್ಚು ಹೆಸರಾದದ್ದು. 19ನೇ ಶತಮಾನದಲ್ಲಿ ಬೈಲಹೊಂಗಲದಲ್ಲಿ ನಿಜವಾಗಿ ನಡೆದ ಘಟನೆಯೇ ಅದರ ಮೂಲವೆಂದು ಜನ ನಂಬಿದ್ದಾರೆ. ಗಂಗಿಯನ್ನು ಕಂಡು ಸಂಗ್ಯಾ ಮರುಳಾಗುತ್ತಾನೆ. ಮೊದಲು ಒಲ್ಲೆನೆಂದ ಗಂಗಿ, ಗಂಡ ಈರ್ಯಾ ವ್ಯಾಪಾರಕ್ಕೆಂದು ಪರಊರಿಗೆ ಹೋದಾಗ ಒಲಿಯುತ್ತಾಳೆ. ನಡುವೆ ನಿಂತು ಮಾತು ಸಾಗಿಸುವವಳು ಮುದುಕಿ ಪಾರಮ್ಮ. ಕೊನೆಗೆ ಕೈಕೊಡುವವನು ಜೀವದ ಗೆಳೆಯ ಬಾಳ್ಯಾ. ಈರ್ಯಾ ತನ್ನ ಅಣ್ಣತಮ್ಮಂದಿರೊಡನೆ ಕೂಡಿ ಸಂಗ್ಯಾನನ್ನು ಕೊಲ್ಲುತ್ತಾನೆ.

ಕಥೆ ಇಷ್ಟೇ. ಆದರೆ ಇದನ್ನು ಆಟವಾಗಿಸಿದವನ ಧೈರ್ಯ ಸಣ್ಣದಲ್ಲ. ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ, ದೇವರು, ರಾಕ್ಷಸರು ಇರುತ್ತಾರೆ. ಎಷ್ಟೇ ಕಷ್ಟ ಬಂದರೂ ಮೇಲಿನಿಂದ ಯಾರೋ ಇಳಿದು ಬರುತ್ತಾರೆಂಬ ಭರವಸೆ ನೋಡುವವರಿಗೆ ಇರುತ್ತದೆ. ಸಣ್ಣಾಟದಲ್ಲಿ ಧೋತರ, ಅಂಗಿ, ಪಟಗ ತೊಟ್ಟ ನಮ್ಮ ನಿಮ್ಮಂಥವರೇ ಪಾತ್ರಗಳು. ಸಂಗ್ಯಾನನ್ನು ಉಳಿಸಲು ಯಾವ ದೇವರೂ ಬರುವುದಿಲ್ಲ. ದಪ್ಪು, ಹಾರ್ಮೋನಿಯಂ, ತಾಳಗಳ ನಡುವೆ ಹಿಮ್ಮೇಳದವರು ಅವನ ಪದವನ್ನು ತಿರುಗಿ ಹಾಡುತ್ತಾರೆ, ಅಷ್ಟೇ. ಮರ್ಯಾದಸ್ತರು ಈ ಆಟವನ್ನು ಹೊಲಸು ಎಂದು ಮೂಗು ಮುರಿದದ್ದುಂಟು. ಮೂಗು ಮುರಿದವರೂ ಮರೆಯಲ್ಲಿ ನಿಂತು ನೋಡಿರಬೇಕು. ಇಲ್ಲವಾದರೆ ಇಷ್ಟು ಕಾಲ ಆಟ ಉಳಿಯುತ್ತಿರಲಿಲ್ಲ.

ಇದನ್ನು ಕಟ್ಟಿದವರು ಪತ್ತಾರ ಮಾಸ್ತರರೆಂದು ಪ್ರತೀತಿ. ಇಲ್ಲಿ 'ಮಾಸ್ತರ' ಎಂದರೆ ಸಾಲಿ ಮಾಸ್ತರನೇ ಆಗಬೇಕೆಂದಿಲ್ಲ. ನಮ್ಮ ಕಡೆ ಆಟ ಕಲಿಸುವವನೂ ಮಾಸ್ತರನೇ. ಪದ ಹೊಂದಿಸುವವನು, ಯಾರಿಗೆ ಯಾವ ಪಾತ್ರವೆಂದು ನಿರ್ಧರಿಸುವವನು, ಹೊಲದ ಕೆಲಸ ಮುಗಿಸಿ ಬಂದವರಿಗೆ ರಾತ್ರಿ ಲಾಟೀನಿನ ಬೆಳಕಿನಲ್ಲಿ ತಿಂಗಳುಗಟ್ಟಲೆ ಮಾತು, ಕುಣಿತ ಕಲಿಸುವವನು ಒಬ್ಬನೇ. ನಾಟಕಕಾರ ಬೇರೆ, ನಿರ್ದೇಶಕ ಬೇರೆ ಎಂಬ ವಿಂಗಡಣೆ ಪಟ್ಟಣದ್ದು. ಇಂಗ್ಲೆಂಡಿನಲ್ಲಿ ಅಲನ್ ಐಕ್‌ಬರ್ನ್ ಎಂಬ ನಾಟಕಕಾರ 1972ರಿಂದ 2009ರವರೆಗೆ ಸ್ಕಾರ್ಬರೊ ಎಂಬ ಕಡಲದಂಡೆಯ ಊರಿನ ರಂಗಮಂದಿರವನ್ನು ನಡೆಸುತ್ತ, ತಾನು ಬರೆದದ್ದನ್ನು ತಾನೇ ಆಡಿಸಿದ್ದನ್ನು ಅಲ್ಲಿಯವರು ವಿಶೇಷವೆಂದು ಹೇಳುತ್ತಾರೆ. ನಮ್ಮ ಹಳ್ಳಿಗಳ ಮಟ್ಟಿಗೆ ಅದು ವಿಶೇಷವೇನೂ ಅಲ್ಲ.

ಐಕ್‌ಬರ್ನ್ ಆ ಹೊಣೆ ಹೊತ್ತ 1972ರಲ್ಲಿಯೇ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಬೆಳಗಾವಿ ಜಿಲ್ಲೆಯ ಇಂಥದೇ ಒಬ್ಬ 'ಮಾಸ್ತರ'ರ ನಾಟಕ ರಂಗಕ್ಕೆ ಬಂತು. ನಾಟಕ 'ಜೋಕುಮಾರಸ್ವಾಮಿ'. ಬರೆದವರು ಚಂದ್ರಶೇಖರ ಕಂಬಾರ, ಆಡಿಸಿದವರು ಬಿ.ವಿ. ಕಾರಂತ.

ಕಂಬಾರರು ಹುಟ್ಟಿದ್ದು 1937ರಲ್ಲಿ, ಗೋಕಾಕದ ಆಚೆ ಘಟಪ್ರಭೆಯ ದಂಡೆಯ ಘೋಡಗೇರಿಯಲ್ಲಿ. ಶಾಸನಗಳು ತೊರಗಲೆ ಆರು ಸಾವಿರವೆಂದು ಕರೆದ ನಮ್ಮ ಸೀಮೆಗೆ ಅದು ನೆರೆಯ ಊರು. ಆಡುವ ಮಾತು, ಕಟ್ಟುವ ಆಟ ಎರಡೂ ಒಂದೇ. ಕಬ್ಬಿಣ ಕಾಸುವ ಮನೆತನ, ಬಡತನ. ಓದು ನಡುವೆ ನಿಂತೇಹೋಯಿತು. ಸವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಕೈ ಹಿಡಿಯದಿದ್ದರೆ ಹುಡುಗ ಕುಲುಮೆಯ ಮುಂದೆಯೇ ಕುಳಿತಿರುತ್ತಿದ್ದನೇನೋ. 1962ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದಿಂದ ಎಂ.ಎ. ಆಯಿತು. 1964ರಲ್ಲಿ ಬಂದ 'ಹೇಳತೇನ ಕೇಳ' ನೀಳ್ಗವನದಲ್ಲಿ ಲಾವಣಿಯ ದನಿ ಕೇಳಿ ಕನ್ನಡದ ಓದುಗರು ಕಿವಿ ನಿಮಿರಿಸಿದರು.

ಮರು ವರ್ಷವೇ ದೊಡ್ಡ ನಾಟಕವೊಂದನ್ನು ಬರೆದು ಹೆಸರು ಮಾಡಬಹುದಿತ್ತು. ಅದರ ಬದಲು ಅವರು 1966ರಲ್ಲಿ 'ಸಂಗ್ಯಾ ಬಾಳ್ಯಾ'ವನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಆಟದವರ ಬಾಯಲ್ಲಿ, ಕೈಬರಹದ ಪುಸ್ತಕಗಳಲ್ಲಿ ಇದ್ದದ್ದು ವಿದ್ಯಾವಂತರ ಮೇಜಿನ ಮೇಲೆ ಬಂತು. ನನ್ನ ಎಣಿಕೆಯಲ್ಲಿ ಕಂಬಾರರ ರಂಗಜೀವನದ ತಿರುವು ಇದೇ. ಸಣ್ಣಾಟ ಕೇವಲ ಮೋಜಿನ ವಸ್ತುವಲ್ಲ, ಅದರೊಳಗೆ ಘನವಾದ ದುರಂತವಿದೆ ಎಂದು ತೋರಿಸಿದ ಮೇಲೆಯೇ ಅವರು ತಮ್ಮ ನಾಟಕಕ್ಕೆ ದಾರಿ ಕಂಡುಕೊಂಡದ್ದು. ಮುಂದೆ 1970ರ ದಶಕದಲ್ಲಿ ಸಂಗ್ಯಾನ ಕಥೆಯನ್ನು ತಾವೇ ಹೊಸ ನಾಟಕವಾಗಿ ಬರೆದರು. 1980ರಲ್ಲಿ ಬಂದ ಅವರ 'ಉತ್ತರ ಕರ್ನಾಟಕದ ಜನಪದ ರಂಗಭೂಮಿ' ಈ ವಿಷಯ ಓದುವವರಿಗೆ ಇಂದಿಗೂ ಬೇಕಾದ ಗ್ರಂಥ.

'ಜೋಕುಮಾರಸ್ವಾಮಿ'ಯ ಬೆನ್ನಿಗೆ ಸಂಗ್ಯಾನ ನೆರಳು ಇದೆ. ಭಾದ್ರಪದದಲ್ಲಿ ಗಣಪತಿ ಹೋದ ಮೇಲೆ ಬುಟ್ಟಿಯಲ್ಲಿ ಕುಳಿತು ಬರುವ ಜೋಕುಮಾರ ನಮಗೆಲ್ಲ ಗೊತ್ತು. ಏಳು ದಿನ ಮೆರೆದು ಹುಣ್ಣಿಮೆಗೆ ಸಾಯುವ ದೇವರು ಅವನು. ಅವನು ಸತ್ತರೆ ಮಳೆ, ಬೆಳೆ. ನಾಟಕದಲ್ಲಿ ಮಕ್ಕಳಿಲ್ಲದ ಗೌಡತಿ ಗಂಡನಿಗೆಂದು ಮಾಡಿದ ಜೋಕುಮಾರನ ಪಲ್ಯವನ್ನು ಉಳುವವನಾದ ಬಸಣ್ಣ ತಿನ್ನುತ್ತಾನೆ. ಗೌಡತಿಯ ಹೊಟ್ಟೆಯಲ್ಲಿ ಬೆಳೆಯುವುದು ಅವನ ಕೂಸು. ಗೌಡ ಬಸಣ್ಣನನ್ನು ಕೊಲ್ಲಿಸುತ್ತಾನೆ. ಬೈಲಹೊಂಗಲದ ಕಥೆಯಲ್ಲಿ ಕೊಲೆಯಾದದ್ದು ಮನೆಯ ಮಾನಕ್ಕಾಗಿ. ಇಲ್ಲಿ ಜಗಳ ಹೆಣ್ಣಿಗೆ ಮಾತ್ರವಲ್ಲ, ಹೊಲಕ್ಕೂ ಆಗಿದೆ. ಹೊಲ ಯಾರದು, ಕಾಗದ ಇದ್ದವನದೋ, ಬಿತ್ತಿದವನದೋ? 1974ರ ಭೂಸುಧಾರಣೆ ಕಾಯಿದೆ ತಿದ್ದುಪಡಿಗೆ ಎರಡು ವರ್ಷ ಮೊದಲು ಈ ಪ್ರಶ್ನೆ ಬೆಂಗಳೂರಿನ ಬಯಲಿನಲ್ಲಿ ಬೆಳಗಾವಿಯ ಮಾತಿನಲ್ಲಿ ಕೇಳಿಬಂತು. ಗೌಡನ ಪಾತ್ರಕ್ಕೆ ಗಿರೀಶ ಕಾರ್ನಾಡರಿದ್ದರು.

ಕಂಬಾರರು ಬರೆದು ಕೊಟ್ಟು ಸುಮ್ಮನೆ ಕೂಡ್ರುವವರಲ್ಲ. ತಮ್ಮ ಹಾಡುಗಳಿಗೆ ತಾವೇ ದಾಟಿ ಹಾಕುತ್ತಾರೆ, ಹಾಡುತ್ತಾರೆ. ತಮ್ಮದೇ ನಾಟಕ 'ಕಾಡುಕುದುರೆ'ಯನ್ನು ಸಿನಿಮಾ ಮಾಡಿದಾಗ ನಿರ್ದೇಶನ, ಸಂಗೀತ ಎರಡೂ ಅವರವೇ. ಅದರ ಹಾಡಿಗೆ ಶಿವಮೊಗ್ಗ ಸುಬ್ಬಣ್ಣ ರಾಷ್ಟ್ರಪ್ರಶಸ್ತಿ ಪಡೆದರು. ಆ ಪ್ರಶಸ್ತಿ ಪಡೆದ ಮೊದಲ ಕನ್ನಡ ಗಾಯಕರು ಅವರು. 'ಸಂಗೀತಾ' ಎಂಬ ಚಿತ್ರವನ್ನೂ ಕಂಬಾರರು ನಿರ್ದೇಶಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿ, 2010ರ ಸಾಲಿನ ಜ್ಞಾನಪೀಠ, 2018ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷಸ್ಥಾನ, ಇವನ್ನೆಲ್ಲ ಓದುಗರು ಬಲ್ಲರು.

ಒಂದು ಮಾತು ಮಾತ್ರ ಹೇಳದೆ ಇರಲಾಗದು. ಪಟ್ಟಣದ ಸಭಾಗೃಹದಲ್ಲಿ ಈ ನಾಟಕಗಳನ್ನು ನೋಡುವವರು ಹಾಡಿಗೆ ತಲೆದೂಗುತ್ತಾರೆ, ನಮ್ಮ ಭಾಷೆಯ ಬಿರುಸಿಗೆ ನಗುತ್ತಾರೆ. ಕೊಲೆಯ ದೃಶ್ಯವೂ ಎಷ್ಟೋ ಸಲ ಒಳ್ಳೆಯ ಕುಣಿತವಾಗಿ ಮುಗಿದುಹೋಗುತ್ತದೆ. ಎರಡು ತಾಸಿನ ಆಟದಲ್ಲಿ ಸಂಗ್ಯಾ ಬೇಗ ಸಾಯುತ್ತಾನೆ. ಹಳ್ಳಿಯಲ್ಲಿ ಹಾಗಲ್ಲ. ಊಟ ಮುಗಿಸಿ ಕಂಬಳಿ ಹೊದ್ದು ಕುಳಿತವರಿಗೆ ರಾತ್ರಿಯಿಡೀ ಅವನ ಗೆಳೆತನ ಆಗಿರುತ್ತದೆ. ಈರ್ಯಾ ತನ್ನವರೊಡನೆ ಕೊಲ್ಲಲು ಬರುವ ಹೊತ್ತಿಗೆ ಮೂಡಣ ಬೆಳ್ಳಗಾಗುತ್ತ ಬಂದಿರುತ್ತದೆ. ಮಕ್ಕಳು ಮಡಿಲಲ್ಲಿ ನಿದ್ದೆ ಹೋಗಿರುತ್ತವೆ, ಎಚ್ಚರಿದ್ದ ಮುದುಕಿಯರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ.