ಎಲೆಕ್ಟ್ರಾನ್ ಚಿತ್ರಕ್ಕೊಂದು ಮೇಲ್ಮನವಿ

ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ನೋಡುವ ಮಸೂರವಿಲ್ಲ. ನಿರ್ವಾತದೊಳಗೆ ಎಲೆಕ್ಟ್ರಾನುಗಳ ಸೂಕ್ಷ್ಮ ಕಿರಣವೊಂದು, ಗದ್ದೆಯಲ್ಲಿ ನೇಗಿಲು ಹೋದಂತೆ, ವಸ್ತುವಿನ ಮೇಲೆ ಸಾಲುಸಾಲಾಗಿ ಹಾಯುತ್ತದೆ. ಪ್ರತಿ ಬಿಂದುವಿನಿಂದಲೂ ಎಲೆಕ್ಟ್ರಾನುಗಳು ಹೊರಬೀಳುತ್ತವೆ. 50 ಎಲೆಕ್ಟ್ರಾನ್ ವೋಲ್ಟಿಗಿಂತ ಕಡಿಮೆ ಶಕ್ತಿಯ ದ್ವಿತೀಯಕ ಎಲೆಕ್ಟ್ರಾನುಗಳಿಂದ ಮೇಲ್ಮೈಯ ಏರುತಗ್ಗು ತಿಳಿಯುತ್ತದೆ. ಹಿಂದಕ್ಕೆ ಚಿಮ್ಮುವ ಬಲವಾದವುಗಳಿಂದ ಅಲ್ಲಿರುವ ಧಾತು ಹಗುರವೋ ಭಾರವೋ ಎಂಬುದು. ಕೇಂಬ್ರಿಡ್ಜಿನ ಎವರ್‌ಹಾರ್ಟ್ ಮತ್ತು ಥಾರ್ನ್‌ಲಿ 1960ರಲ್ಲಿ ಪ್ರಕಟಿಸಿದ ಶೋಧಕ ಇಂದಿಗೂ ಬಳಕೆಯಲ್ಲಿದೆ. ಇಷ್ಟು ಹಳೆಯ ಯಂತ್ರದಲ್ಲಿ ಹೊಸತನವಿರುವುದು ಹೆಚ್ಚಾಗಿ ಉಪಾಯದಲ್ಲಿ: ಯಾವ ಸಂಕೇತವನ್ನು ಯಾವಾಗ ಹಿಡಿಯಬೇಕು, ಯಾವುದರೊಡನೆ ಕೂಡಿಸಿ ಚಿತ್ರ ಮಾಡಬೇಕು.

ಇಂಥ ಉಪಾಯಕ್ಕೆ ಪೇಟೆಂಟ್ ಸುಲಭವಾಗಿ ಸಿಗದು. ಅಮೆರಿಕದ ಪರೀಕ್ಷಕರು ಎರಡು ಹಳೆಯ ದಾಖಲೆಗಳನ್ನು ಮುಂದಿಟ್ಟು, ಅರ್ಧ ಇದರಲ್ಲಿದೆ, ಅರ್ಧ ಅದರಲ್ಲಿದೆ, ಕಸುಬು ಬಲ್ಲ ಯಾರಿಗಾದರೂ ಜೋಡಿಸಲು ಹೊಳೆಯುತ್ತಿತ್ತು ಎಂದು ತಿರಸ್ಕರಿಸುತ್ತಾರೆ. ಕ್ಲೇಮುಗಳು, ಅಂದರೆ ಹಕ್ಕಿನ ಎಲ್ಲೆಯನ್ನು ಗುರುತಿಸುವ ವಾಕ್ಯಗಳು, ಎರಡು ಸಲ ತಿರಸ್ಕೃತವಾದರೆ ಅರ್ಜಿದಾರರು ಮೇಲ್ಮನವಿ ಮಂಡಳಿಗೆ ಹೋಗಬಹುದು. ಅಲ್ಲಿ ಕೂರುವ ನ್ಯಾಯಾಧೀಶರು ಕಾನೂನನ್ನೂ ವಿಜ್ಞಾನವನ್ನೂ ಬಲ್ಲವರು.

ಆ ಮಂಡಳಿಗಾಗಿ ಬರೆಯುವ ಮನವಿಯೇ ನನಗೆ ಬಹು ಮೆಚ್ಚುಗೆಯಾದ ಕುಶಲಕಲೆ. ಆವಿಷ್ಕಾರವನ್ನು ಹೊಗಳಿ ಅಲ್ಲಿ ಗೆಲ್ಲಲಾಗದು. ಪರೀಕ್ಷಕರ ತರ್ಕ ಎಲ್ಲಿ ತಪ್ಪಿತೆಂದು ಬೆರಳಿಟ್ಟು ತೋರಿಸಬೇಕು. ಎರಡೂ ಬಗೆಯ ಎಲೆಕ್ಟ್ರಾನುಗಳನ್ನು ಒಂದೇ ಸ್ಕ್ಯಾನಿನಲ್ಲಿ ಹಿಡಿದು ಚಿತ್ರ ಕೂಡಿಸುವ ಕ್ಲೇಮೊಂದಿದೆ ಎಂದುಕೊಳ್ಳಿ. ವಿದ್ಯುತ್ ಹರಿಯದ ಮಾದರಿಯಲ್ಲಿ ಆವೇಶ ತುಂಬಿಕೊಳ್ಳದಿರಲೆಂದು ಮೊದಲ ದಾಖಲೆ ಕಡಿಮೆ ವೋಲ್ಟೇಜನ್ನೇ ನೆಚ್ಚಿಕೊಂಡಿದೆ. ಎರಡನೆಯದರ ಶೋಧಕಕ್ಕೆ ಹೆಚ್ಚು ವೋಲ್ಟೇಜ್ ಬೇಕು. ಬಲ್ಲ ವಕೀಲರು ಅಲ್ಲೇ ನಿಲ್ಲುತ್ತಾರೆ: ಎರಡನ್ನೂ ಬೆಸೆದರೆ ಮಾದರಿಯಲ್ಲಿ ಆವೇಶ ತುಂಬಿ ಚಿತ್ರ ಕೆಡುತ್ತದೆ, ಮೊದಲ ದಾಖಲೆಯ ಉದ್ದೇಶವೇ ಮಣ್ಣುಪಾಲಾಗುತ್ತದೆ, ಹಾಗಿರುವಾಗ ಬಲ್ಲವರು ಯಾಕೆ ಬೆಸೆಯುತ್ತಿದ್ದರು? 2007ರ ಕೆಎಸ್‌ಆರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಬಲ್ಲವರಿಗೆ ಜೋಡಿಸಲು ಕಾರಣವಿತ್ತೇ ಎಂಬ ಈ ಪರೀಕ್ಷೆಯ ಬಿಗಿಯನ್ನು ಸಡಿಲಿಸಿತು. ಆದರೆ ಜೋಡಿಸಲು ಇರುವ ಕಾರಣವನ್ನು ಪರೀಕ್ಷಕರು ಬಿಡಿಸಿ ಹೇಳಬೇಕೆಂಬ ಹೊಣೆಯನ್ನು ಕೈಬಿಡಲಿಲ್ಲ. ಇಡೀ ವಾದ ನಿಂತಿರುವುದು ಆ ಹೊಣೆಯ ಮೇಲೆ.

ನಿಯಮಗಳೂ ಕಟ್ಟುನಿಟ್ಟು. ಮನವಿಯಲ್ಲಿ ಎತ್ತದ ವಾದವನ್ನು ಸಾಮಾನ್ಯವಾಗಿ ಕೈಬಿಟ್ಟಂತೆಯೇ ಲೆಕ್ಕ. ಕ್ಲೇಮಿಗೆ ಸಮಂಜಸವಾದ ಅತಿ ವಿಶಾಲ ಅರ್ಥವನ್ನೇ ಹಚ್ಚುತ್ತಾರೆ. ವಿವರಣೆಯಲ್ಲಿ, ರೇಖಾಚಿತ್ರದಲ್ಲಿ ಎಷ್ಟೇ ಚೆನ್ನಾಗಿ ತೋರಿಸಿದ್ದರೂ ಕ್ಲೇಮಿನಲ್ಲಿ ಬರೆಯದ ಮಿತಿ ವಾದದ ಹೊತ್ತಿಗೆ ನೆರವಿಗೆ ಬಾರದು. ‘ಒಂದೇ ಸ್ಕ್ಯಾನಿನಲ್ಲಿ’ ಎಂದು ಅಲ್ಲಿ ಬರೆದಿರದಿದ್ದರೆ, ಬೇರೆ ಬೇರೆ ಸ್ಕ್ಯಾನಿನ ಹಳೆಯ ದಾಖಲೆಯೂ ಎದುರಿಗೆ ಬಂದು ನಿಲ್ಲುತ್ತದೆ. ಆದ್ದರಿಂದ ಮೇಲ್ಮನವಿಯ ನಿಜವಾದ ತಯಾರಿ ಕ್ಲೇಮು ಬರೆಯುವ ದಿನವೇ ನಡೆದಿರಬೇಕು.

ಪ್ರಕಟವಾದ ಅರ್ಜಿಗಳ ಮೇಲಿನ ತೀರ್ಪುಗಳು ಎಲ್ಲರಿಗೂ ಓದಲು ಸಿಗುತ್ತವೆ. ಎಂಜಿನಿಯರಿಂಗ್ ಓದುವ ಮಕ್ಕಳು ಒಂದನ್ನಾದರೂ ತೆಗೆದು, ಮೊದಲು ಕ್ಲೇಮು ಓದಿ, ಪರೀಕ್ಷಕರು ಸರಿಯೋ ಅರ್ಜಿದಾರರು ಸರಿಯೋ ಎಂದು ತಾವೇ ನಿರ್ಧರಿಸಿ, ಆಮೇಲೆ ತೀರ್ಪು ಓದಲಿ.