ಪುಸ್ತಕ ಒಪ್ಪಿಗೆ, ಮೀನಿನದೇ ಮಾತುಕತೆ
ದುಬೈ: ಇಲ್ಲಿನ ಕನ್ನಡ ಕುಟುಂಬಗಳಲ್ಲಿ ಮದುವೆಯ ಬಯೋಡೇಟಾ ಬಂದರೆ ಸಂಬಳದ ನಂತರ ನೋಡುವುದು ‘ವೆಜ್ಜಾ, ನಾನ್‌ವೆಜ್ಜಾ’ ಎಂದು. ಓದಿನ ರುಚಿ ಕೇಳುವವರಿಲ್ಲ. ಲೆಕ್ಕಪರಿಶೋಧಕನಾದ ನನಗೆ ಈ ಕ್ರಮ ಸರಿಯೆಂದೇ ತೋರುತ್ತದೆ.

ನನ್ನ ಪರಿಚಯದ ಹುಡುಗಿಗೆ ತೇಜಸ್ವಿಯವರ ‘ಕರ್ವಾಲೊ’ ಇಷ್ಟ, ಹುಡುಗನಿಗೆ ಭೈರಪ್ಪನವರ ‘ಪರ್ವ’. ಪುಸ್ತಕದ ಜಗಳದಲ್ಲೇ ಹತ್ತಿರವಾದರು. ಆದರೆ ಅವಳು ಮಂಗಳೂರಿನವಳು, ಅವನು ಮೈಸೂರಿನ ಸಸ್ಯಾಹಾರಿ. ಅಂಜಲ್ (ಇಲ್ಲಿನವರ ಬಾಯಲ್ಲಿ ಕನಾದ್) ಹುರಿದರೆ, ಏಸಿಗಾಗಿ ಕಿಟಕಿ ಮುಚ್ಚಿದ ಬೇಸಿಗೆಯ ಫ್ಲ್ಯಾಟಿನಲ್ಲಿ ವಾಸನೆ ಮರುದಿನವೂ ಹೋಗದು!

ಬಾಣಲೆ ಬೇರೆ, ಮೇಜು ಒಂದೇ ಎಂದು ಸುಲಭವಾಗಿ ಒಪ್ಪಿದರು. ತೊಡಕಾದದ್ದು ಅತ್ತೆ ಬಂದಿರುವ ತಿಂಗಳ ಮಾತು. ಆಗಲೂ ಮೀನು ಬಿಡೆನೆಂದಳು. ಅವನು ತಾಯಿಗೆ ಫೋನ್ ಮಾಡಿ ಸ್ಪಷ್ಟವಾಗಿ ಹೇಳಿದ ಮೇಲೆಯೇ ನಿಶ್ಚಿತಾರ್ಥದ ದಿನ ಗೊತ್ತಾಯಿತು.